ಮಾದತ್ತೆಯ ಮಧ್ಯಾಹ್ನದ ನಿದ್ದೆ

ಕರಿ ಕಂಬಳಿಯ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಈಗಲೂ ಹೊತ್ತು ಯಾವುದೆಂದು ತಿಳಿಯದಂತಾಗುತ್ತದೆ. ತಮಿಳು ಸೀಮೆಯ ಪಾಪಿರೆಡ್ಡಿಪಟ್ಟಿಯ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ, ಬೇವಿನ ನೆರಳು ಬೀಳುವ ಮೂಲೆಯಲ್ಲಿ, ಮಗ್ಗುಲಾಗಿ ಮಲಗಿದ ಮಾದತ್ತೆ ಕಾಣುತ್ತಾಳೆ. ಅವಳು ಅಪ್ಪನ ತಂಗಿ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡು ನಮ್ಮಲ್ಲಿಗೆ ಮರಳಿದವಳು. ಕೋಳಿ ಕೂಗುವ ಮೊದಲೇ ಎದ್ದು ಹಟ್ಟಿ ಗುಡಿಸಿ, ಬಿಸಿಲೇರುವವರೆಗೆ ಕುರಿ ಮೇಯಿಸಿ ಬರುತ್ತಿದ್ದಳು. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬಹುದು, ಎಲ್ಲರಿಗೂ ಬೇಕಾದ, ಯಾರಿಗೂ ಸೇರದ ಒಬ್ಬಳು.

ಎಪ್ಪತ್ತರ ದಶಕದ ಒಂದು ಬೇಸಿಗೆ. ಊರಿಗೆ ಬಾಲವಾಡಿ ಬರುತ್ತದೆ, ತಮಿಳು ಓದಲು ಬರುವ ಆಯಾ ಒಬ್ಬಳು ಬೇಕು ಎಂದು ಸುದ್ದಿಯಾಯಿತು. ನಮ್ಮ ಮನೆಯಲ್ಲಿ ಕನ್ನಡ ಬಾಯಲ್ಲಿ ಮಾತ್ರ ಇತ್ತು. ಅಕ್ಷರವೆಂದರೆ ತಮಿಳು, ಅದು ಗೊತ್ತಿದ್ದದ್ದು ಐದನೇ ಕ್ಲಾಸಿನ ನನಗೊಬ್ಬಳಿಗೇ. "ನಂಗೂ ಒಂದು ಕೆಲ್ಸ ಅಂತ ಇದ್ರೆ ನಿಮ್ಮಪ್ಪನ ಕೈ ಕಾಯಾದು ತಪ್ತೈತೆ. ಯೋಳ್ಕೊಡು ಕಣ್ಣು," ಎಂದು ಅತ್ತೆ ನನ್ನೆದುರು ಕೂತಳು. ಮುದ್ದು ಬಂದಾಗ ಅವಳಿಗೆ ನಾನು 'ಕಣ್ಣು'. ದಿನಾ ಮಧ್ಯಾಹ್ನ ಅಂಗಳದ ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆಸುತ್ತಿದ್ದೆ. ತಮಿಳಿನಲ್ಲಿ ಲ, ಳ ಅಲ್ಲದೆ ಅವುಗಳಂತೆಯೇ ಕೇಳಿಸುವ ಮೂರನೆಯದೊಂದಿದೆ. ಅಲ್ಲಿಗೆ ಬಂದರೆ ಅತ್ತೆಗೆ ಎಲ್ಲವೂ ಕಲಸಿಹೋಗುತ್ತಿತ್ತು. ಹತ್ತು ಸಲ ತಿದ್ದಿಸಿದರೂ ಒಂದರ ಜಾಗದಲ್ಲಿ ಇನ್ನೊಂದು. ಆಮೇಲೆ ಕೂತಲ್ಲೇ ತೂಕಡಿಸಿ, "ಒಸಿ ಒರಗ್ತೀನಿ ಇರಮ್ಮಿ," ಎಂದು ಕಂಬಳಿಗೆ ಉರುಳುತ್ತಿದ್ದಳು. ನನಗೆ ಸಿಟ್ಟು. ಆದರೆ ಎದ್ದು ಕಣ್ಣುಜ್ಜಿಕೊಂಡು, "ಬೆಳಗಾಯ್ತಾ, ಸಂಜೆಯಾ?" ಎಂದು ಪೆಚ್ಚಾಗಿ ಕೇಳಿ, ಕಡ್ಡಿ ಹಿಡಿದರೆ ಅದೇ ಅಕ್ಷರಗಳು ತಪ್ಪಿಲ್ಲದೆ ಬೀಳುತ್ತಿದ್ದವು. ಕಲಿಸುತ್ತಿದ್ದವಳು ನಾನೋ, ಆ ನಿದ್ದೆಯೋ ಎಂದು ನನಗೇ ಅನುಮಾನ ಬರುತ್ತಿತ್ತು.

ಬಾಲವಾಡಿ ಆಫೀಸಿನವರು ಓದಿಸಿ ನೋಡುವ ದಿನಕ್ಕೆ ಇನ್ನು ಮೂರೇ ದಿನ ಉಳಿದಿದೆ ಎನ್ನುವಾಗ ನಾನು ಟೀಚರಮ್ಮನಂತೆ ಗಟ್ಟಿಯಾದೆ. ನಿದ್ದೆಬಡುಕರಿಗೆ ವಿದ್ಯೆ ಹತ್ತುವುದಿಲ್ಲ ಎಂದು ಶಾಲೆಯಲ್ಲಿ ಬೈಯುತ್ತಿದ್ದರಲ್ಲ, ಅದನ್ನೇ ನಂಬಿದ್ದೆ. ಅತ್ತೆ ಕಣ್ಣು ಮುಚ್ಚಿದರೆ ಮುಖಕ್ಕೆ ನೀರು ಚಿಮುಕಿಸಿದೆ. ಮೂರು ಮಧ್ಯಾಹ್ನ ಅವಳು ಮಲಗಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಇಬ್ಬರೂ ಬಸ್ಸು ಹತ್ತಿ ಪಾಪಿರೆಡ್ಡಿಪಟ್ಟಿಗೆ ಹೋದೆವು. ಆಫೀಸಿನ ಹೆಂಗಸು ಒಂದು ಹಾಳೆ ಮುಂದಿಟ್ಟು, "ಪಡಿಮ್ಮಾ," ಓದು ಎಂದಳು. ಅತ್ತೆ ಹಾಳೆ ನೋಡಿದಳು, ನನ್ನನ್ನು ನೋಡಿದಳು. "ಎಲ್ಲಾ ಒಂದೇ ತರ ಕಾಣ್ತೈತೆ, ಕಣ್ಣು," ಎಂದಳು, ಮೆಲ್ಲಗೆ, ಕನ್ನಡದಲ್ಲಿ. ಕೆಲಸ ಬೇರೊಬ್ಬಳಿಗೆ ಹೋಯಿತು.

ಕಲಿತದ್ದು ತಲೆಯಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ ಎಂದು ಈಗ ನನ್ನ ಮಗಳು ಹೇಳುತ್ತಾಳೆ. ಇರಬಹುದು. ಬರೀ ಹೆದರಿಕೆಗೂ ಹಾಗಾಗಿರಬಹುದು. ಯಾವುದೆಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಕೇಳೋಣವೆಂದರೆ ಅತ್ತೆ ಇಲ್ಲ, ಜೊತೆಗೆ ಕೂತು ನೆನೆಯೋಣವೆಂದರೆ ಆ ಜಗಲಿಯೂ ಇಲ್ಲ.

ಆ ದಿನ ಮನೆಗೆ ಬಂದವಳೇ ಅತ್ತೆ ಮಲಗಿಬಿಟ್ಟಳು. ಹೊತ್ತು ಇಳಿಯುವಾಗ ಎದ್ದು, ಯಾರೂ ಹೇಳದೆಯೇ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಬರೆದಳು: ತನ್ನ ಹೆಸರು, ಊರ ಹೆಸರು, ಆ ಮೂರು ಅಕ್ಷರ. ಒಂದೂ ತಪ್ಪಿರಲಿಲ್ಲ. "ಸರಿಯಾ ನೋಡಮ್ಮಿ," ಎಂದಳು. ಸರಿ ಎಂದರೆ ಬೆಳಗಿನ ತಪ್ಪು ನನ್ನದಾಗುತ್ತಿತ್ತು. ನಾನು ಒಂದಕ್ಷರದ ಮೇಲೆ ಬೆರಳಿಟ್ಟು, "ಇದು ತಪ್ಪು," ಎಂದೆ. ಅತ್ತೆ ತುಸು ಹೊತ್ತು ಅದನ್ನೇ ನೋಡಿದಳು. ಆಮೇಲೆ ಅಂಗೈಯಿಂದ ಎಲ್ಲವನ್ನೂ ಒರೆಸಿ, ಕುರಿಗಳಿಗೆ ನೀರಿಡಲು ಎದ್ದು ಹೋದಳು.