ಕಂಬಳಿ ಹಾಸಿದ ಹರಿಗೋಲು

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅತ್ಯಾನ ಮನೆಯ ಹಿತ್ತಲ ಬಾಗಿಲಿನಿಂದ ನೀರು ಒಳಗೆ ಬಂತು. ಆಗಷ್ಟೇ ನನ್ನ ಕೈಗಡಿಯಾರಕ್ಕೆ ಕೀಲಿ ಕೊಟ್ಟಿದ್ದೆ, ಅದಕ್ಕೇ ಹೊತ್ತು ನೆನಪಿದೆ. ಸದ್ದಿರಲಿಲ್ಲ. ತುಳಸಿಕಟ್ಟೆಯ ಸುತ್ತ ಹರಡಿ, ಹೊಸ್ತಿಲ ಹತ್ತಿರ ಸ್ವಲ್ಪ ನಿಂತು, ದಾಟಿತು.

ನಲವತ್ತರ ದಶಕ, ಇನ್ನೂ ನಿಜಾಮರ ಆಳ್ವಿಕೆ. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ರಾಯಚೂರಿಗೆ ಮರಳಿದ್ದೆ. ಅತ್ಯಾ ನನ್ನ ತಂದೆಯ ಅಕ್ಕ. ದೇವದುರ್ಗ ತಾಲ್ಲೂಕಿನ ಕೃಷ್ಣಾ ದಂಡೆಯ ಊರಿನಲ್ಲಿದ್ದು ಗುಡಿಗೆ ಹೂಬತ್ತಿ ಹೊಸೆದು ಕೊಡುತ್ತಿದ್ದಳು. ಮಾನವಿಯಲ್ಲಿದ್ದ ಅವಳ ಮಗಳಿಗೆ ದಿನ ತುಂಬಿದ್ದವು. ಅಲ್ಲಿಗೆ ಕರೆದೊಯ್ಯಲು ನಾನು ಬಂದಿದ್ದೆ.

ಹಿಂದಿನ ದಿನವೇ ಹೊಳೆ ಕೆಂಪಾಗಿತ್ತು. ಇವತ್ತೇ ಹೊರಡಿರೆಂದು ಊರ ಅಂಬಿಗ ಹೇಳಿದ. ನಾನು ಆಕಾಶ ನೋಡಿದೆ.

"ಒಂದು ಹನಿ ಮಳಿ ಇಲ್ಲಲ್ಲೋ."

"ನಮ್ಮ ಮಳಿ ಅಲ್ರೀ ರಾಯರ ಇದು, ಘಟ್ಟದ್ದು. ಅಲ್ಲಿ ಸುರದದ್ದು ಇಲ್ಲಿಗಿ ಬರಾಕ ನಾಕು ದಿನ ಬೇಕು. ಕಾಲೇಜಿನಾಗ ಹೇಳಿಲ್ಲೇನು?"

ಹೇಳಿದ್ದರು. ಕೃಷ್ಣೆ ಸಹ್ಯಾದ್ರಿಯಲ್ಲಿ ಹುಟ್ಟುತ್ತಾಳೆ ಎಂದು ಪರೀಕ್ಷೆಯಲ್ಲಿ ಬರೆದೂ ಇದ್ದೆ. ಗುಡಿಯ ಕಂಬದ ಮೇಲೆ ಹಿಂದೆ ಹೊಳೆ ಏರಿದ ಮಟ್ಟದ ಗೆರೆಗಳಿದ್ದವು. ಎಲ್ಲಕ್ಕಿಂತ ಮೇಲಿನದು ನನ್ನ ಎದೆಮಟ್ಟಕ್ಕಿತ್ತು. ಅದು ಯಾವುದೋ ಮುತ್ತಜ್ಜನ ಕಾಲದ್ದು, ಇನ್ನು ಅಷ್ಟು ಬರಲಾರದು ಅಂದುಕೊಂಡೆ. ನಾಳೆ ಪೂಜೆ ಮುಗಿಸಿಯೇ ಹೊರಡೋಣ ಎಂದ ಅತ್ಯಾನಿಗೆ ಹೂಂ ಅಂದೆ.

ಮರುದಿನ ನಸುಕಿನಲ್ಲೇ ಊರವರು ದಿಬ್ಬ ಏರಿದ್ದರು. ಹೊಳೆಯ ನೀರು ಹಳ್ಳಕ್ಕೆ ಹಿಮ್ಮುಖವಾಗಿ ನುಗ್ಗಿ, ಮಾನವಿಗೆ ಹೋಗುವ ಅರಕೇರಾ ದಾರಿ ಮುಳುಗಿತ್ತು. ಮನೆಯೊಳಗೆ ನೀರು ಬಂದ ಹೊತ್ತಿಗೇ ಅಂಬಿಗ ನಮಗಾಗಿ ಹರಿಗೋಲನ್ನು ಮನೆಯ ಕಟ್ಟೆಗೇ ತಂದ. ಅದರಲ್ಲಿ ಕುರುಬರ ಹೆಣ್ಣುಮಗಳೊಬ್ಬಳು ಕೂತಿದ್ದಳು. ಅವಳ ಗಂಡ ಕುರಿಗಳ ಜೊತೆ ಹೊಳೆಯ ನಡುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದ. ದಾರಿಯಲ್ಲಿದ್ದ ನಮ್ಮನ್ನು ದಿಬ್ಬಕ್ಕೆ ಬಿಟ್ಟು, ಅವನನ್ನು ಕರೆತರುವುದೆಂದು ಮಾತಾಗಿತ್ತು.

ಅತ್ಯಾ ಒದ್ದೆ ಸೀರೆಯಲ್ಲಿ ನಿಂತು ಹರಿಗೋಲಿನೊಳಗೆ ಬಗ್ಗಿ ನೋಡಿದಳು. ಬಿದಿರಿನ ಹೆಣಿಗೆಯ ಸಂದಿಯಲ್ಲಿ ಚರ್ಮ ಕಾಣುತ್ತಿತ್ತು.

"ಎಮ್ಮಿ ಚರ್ಮ. ನಾ ಮಡಿಲೆ ಇದ್ದೀನಿ. ಹತ್ತೂದಿಲ್ಲ."

"ಅಮ್ಮಾರ, ಆ ಎಮ್ಮಿ ಸತ್ತು ಭಾಳ ವರ್ಷ ಆತ್ರೀ," ಎಂದ ಅಂಬಿಗ. "ಇನ್ನೇನು ಮೈಲಿಗಿ ಮಾಡೀತು?"

"ಆಪತ್ತಿನಾಗ ದೋಷ ಇಲ್ಲ ಅತ್ಯಾ," ಎಂದು ನಾನು ಶುರು ಮಾಡಿದೆ.

"ನೀ ಇಂಗ್ಲೀಷ್ ಓದಿದಾಂವ. ನಿನ್ನ ಶಾಸ್ತ್ರ ನನಗ ಬ್ಯಾಡ."

ನಾನೂ ಬಿಡಲಿಲ್ಲ. ಎರಡೂ ಕೈಯಿಂದ ಎತ್ತಿ ಕೂರಿಸಬಹುದಿತ್ತು, ಅವಳು ಹಗುರವಾಗಿದ್ದಳು. ಆದರೆ ಮಡಿಯಲ್ಲಿದ್ದವಳನ್ನು ಮುಟ್ಟಬಹುದು ಎಂಬುದು ನನಗೂ ತೋಚಲಿಲ್ಲ. ಮೊಳಕಾಲು ನೀರಿನಲ್ಲಿ ನಿಂತು ವಾದ ಮಾಡಿದೆ.

ಅಷ್ಟೂ ಹೊತ್ತು ಆ ಹೆಣ್ಣುಮಗಳು ನಡುಗಡ್ಡೆಯ ಕಡೆಗೇ ನೋಡುತ್ತಿದ್ದಳು. ಕಡೆಗೆ ಎದ್ದು, ಹೆಗಲ ಮೇಲಿನ ಕಂಬಳಿ ತೆಗೆದು ಹರಿಗೋಲಿನ ತುಂಬ ಹಾಸಿದಳು.

"ಉಣ್ಣಿದು. ನಿಮ್ಮ ಮಡಿಗಿ ಉಣ್ಣಿ ನಡೀತದಂತಲ್ರೀ? ನಡದ್ರ ಕುಂದರ್ರಿ, ಇಲ್ಲಂದ್ರ ಬಿಡ್ರಿ. ಅಲ್ಲಿ ನನ್ನ ಗಂಡ ನಿಂತಾನ."

ಉಣ್ಣೆಗೆ ಮೈಲಿಗೆಯಿಲ್ಲ. ನಮ್ಮ ಮನೆಯ ಮಕ್ಕಳಿಗೂ ಅದು ಗೊತ್ತು. ನನಗೆ ನೆನಪಾಗಿರಲಿಲ್ಲ.

"ಒಗದದ್ದದ ಏನು?" ಎಂದಳು ಅತ್ಯಾ.

"ಹೊಳಿ ಇಡೀ ಊರನ್ನೇ ಒಗ್ಯಾಕತ್ತದ. ಹತ್ತಬೇ ಯವ್ವಾ!" ಎಂದಳು ಆ ಹೆಣ್ಣುಮಗಳು.

ಅತ್ಯಾ ಹತ್ತಿದಳು. ಗಡಿಯಾರದಲ್ಲಿ ಹತ್ತಕ್ಕೆ ಎಂಟು ನಿಮಿಷವಿತ್ತು.

ನಮ್ಮನ್ನು ದಿಬ್ಬಕ್ಕೆ ಬಿಟ್ಟು ಅಂಬಿಗ ತಿರುಗುವಷ್ಟರಲ್ಲಿ ನಡುಗಡ್ಡೆ ಇರಲಿಲ್ಲ. ಜಾಲಿಮರಗಳ ತುದಿಗಳಷ್ಟೇ ಅಲುಗಾಡುತ್ತಿದ್ದವು. ಆದರೂ ಆ ಹೆಣ್ಣುಮಗಳನ್ನೂ ಅಲ್ಲೇ ಇಳಿಸಿ ಅವನು ಹೋದ. ಮಧ್ಯಾಹ್ನ ಒಬ್ಬನೇ ಬಂದು ಯಾರ ಮುಖವನ್ನೂ ನೋಡದೆ ಹರಿಗೋಲು ಮಗುಚಿ ಹಾಕಿದ.

ಮೂರನೆಯ ದಿನ ಹಳ್ಳ ಇಳಿಯಿತು. ನಡೆದು ಅರಕೇರಾ ಸೇರಿ ಶಾಲೆಯ ಪಡಸಾಲೆಯಲ್ಲಿ ಉಳಿದೆವು. ಮಾನವಿಗೆ ಬಂಡಿ ಗೊತ್ತು ಮಾಡಿದೆ. ಅತ್ಯಾ ಏಳಲಿಲ್ಲ.

"ಆ ಕಂಬಳಿ ಹಾಸಿದಾಕಿ ಗಂಡನ ಸುದ್ದಿ ಬರೂತನಕ ನಾ ಬರೂದಿಲ್ಲ."

"ಅಲ್ಲಿ ಮಗಳ ಹೆರಿಗಿ..."

"ಅಕಿಗೆ ಅತ್ತಿ ಇದ್ದಾಳ."

ಆ ಹೆಣ್ಣುಮಗಳು ಅದೇ ಪಡಸಾಲೆಯ ಇನ್ನೊಂದು ತುದಿಯಲ್ಲಿದ್ದಳು. ನಮಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಹೊಳೆ ಕಡೆಯಿಂದ ಬಂದವರನ್ನೆಲ್ಲ ಕೇಳುತ್ತಿದ್ದಳು, ಮತ್ತೆ ಬಂದು ಕೂರುತ್ತಿದ್ದಳು. ಮೂವರಿಗೂ ನಿದ್ದೆಯಿಲ್ಲ. ಒಂಬತ್ತು ಇಪ್ಪತ್ತರಿಂದ ಹತ್ತಕ್ಕೆ ಎಂಟರವರೆಗಿನ ಹೊತ್ತನ್ನು ನಾನು ಪಾಲು ಮಾಡುತ್ತಿದ್ದೆ: ಅತ್ಯಾನ ಮಾತಿಗೆ ಎಷ್ಟು ಹೋಯಿತು, ನನ್ನ ಮಾತಿಗೆ ಎಷ್ಟು. ಈಗಲೂ ಮಾಡುತ್ತೇನೆ. ಲೆಕ್ಕ ಹೊಂದುವುದಿಲ್ಲ.

ಏಳನೆಯ ದಿನ ಮಧ್ಯಾಹ್ನ ಅವನು ನಡೆದುಕೊಂಡು ಬಂದ. ತೇಲಿ ಬಂದ ಮರಕ್ಕೆ ಜೋತುಬಿದ್ದು ಬಹುದೂರ ಕೆಳಗೆ ಆಚೆ ದಂಡೆ ಸೇರಿದ್ದನಂತೆ. ನೀರು ಇಳಿಯುವವರೆಗೆ ಈಚೆಗೆ ದಾಟಿಸುವವರಿರಲಿಲ್ಲ.

ಹೆಂಡತಿ ಎದ್ದು ನಿಂತಳು. "ಕುರಿ?"

"ಹೋದ್ವು."

"ಎಲ್ಲಾ?"

"ಎಲ್ಲಾ."

"ನೀ ಒಬ್ಬನೇ ಬಂದೇನೋ, ಮಂಗ್ಯಾ?" ಎಂದು ಅವನ ಎದೆಗೆ ಗುದ್ದಿ, ಅಲ್ಲೇ ನೆಲಕ್ಕೆ ಕುಸಿದಳು.

ಅತ್ಯಾ ಎದ್ದಳು. ಮೂರು ಕಲ್ಲು ಹೂಡಿ ಅನ್ನಕ್ಕಿಟ್ಟಳು. ಅವರಿಬ್ಬರಿಗೆ ಬಡಿಸಿ ಆಮೇಲೆ ತಾನು ಉಂಡಳು. ಕತ್ತಲಾಗುವ ಮೊದಲೇ ಎಲ್ಲರೂ ಇದ್ದಲ್ಲೇ ಒರಗಿದೆವು.

ಕಣ್ಣು ಬಿಟ್ಟಾಗ ಬಿಸಿಲು ಪಡಸಾಲೆಯ ನಡುವಿಗೆ ಬಂದಿತ್ತು. ಒಂದು ದಿನವೂ ಸೂರ್ಯನಿಗಿಂತ ತಡವಾಗಿ ಎದ್ದವಳಲ್ಲ ಅತ್ಯಾ. ಸಣ್ಣಗೆ ಗೊರಕೆ ಹೊಡೆಯುತ್ತ ಇನ್ನೂ ಮಲಗಿದ್ದಳು.