ಹೊಸ ಶೇಪು ಬರುವ ತನಕ

ಕಾರು ಬೇಕೆಂದು ನಮ್ಮ ಮನೆಯಲ್ಲಿ ಮೊದಲು ಹೇಳಿದವರು ನನ್ನ ಗಂಡನೇ. ಅದೂ ಇಂಥದ್ದೇ ಕಾರು. ಹೆಚ್ಚು ಉದ್ದವಿಲ್ಲದ, ಹಿಂದೆ ಡಿಕ್ಕಿ ಇರುವ ಆ ಸಣ್ಣ ಸೆಡಾನ್. ಕೊಪ್ಪಳದಲ್ಲಿ ಯಾವ ಓಣಿ ಹೊಕ್ಕರೂ ಒಂದು ನಿಂತಿರುತ್ತದೆ, ಹುಲಿಗಿ ಅಮ್ಮನ ಗುಡಿಗೆ ಬರುವ ಬಾಡಿಗೆ ಗಾಡಿಗಳಲ್ಲೂ ಅದೇ ಜಾಸ್ತಿ. ಅವರು ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್. ನಾನು ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ, ದಿನಾ ಬಸ್ಸಿಗೆ ಕಾಯುವವಳು. ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡುವ ನನ್ನ ತಮ್ಮನ ಹತ್ತಿರ ಅದೇ ಕಾರು ಇತ್ತು. ಅವನೇ ಶೋರೂಮಿನವರ ಜೊತೆ ಮಾತಾಡಿ ಎಲ್ಲ ಹೊಂದಿಸಿದ. ನಾಳೆ ಬುಕ್ ಮಾಡಬೇಕು ಅನ್ನುವಾಗ ನನ್ನ ಗಂಡ ತಿರುಗಿಬಿದ್ದರು.

"ಈಗ ಬ್ಯಾಡ. ಹೊಸಾ ಶೇಪ್ ಬರಾಕತ್ತೈತಿ. ಈಗ ತಗೊಂಡ್ರ ಮನಿ ಮುಂದ ನಿಲ್ಲಸೂದ್ರಾಗ ಹಳೇದಾಗ್ತೈತಿ."

"ಯಾರ ಹೇಳ್ಯಾರ್ರಿ?"

"ಎಲ್ಲಾ ಕಡೆ ಅದ ಸುದ್ದಿ. ಮುಂದಿನ ಗ್ರಿಲ್ಲಿನ ಜಾಳಗಿ ಪೂರಾ ಬ್ಯಾರೆ ಅಂತ, ಲೈಟೂ ಬ್ಯಾರೆ ಅಂತ. ದೀಪಾವಳಿಗೆ ಬರ್ತೈತಿ, ತಡಿ."

ದೀಪಾವಳಿ ಬಂತು, ಕಾರು ಬರಲಿಲ್ಲ. ಯುಗಾದಿಗೆ ಎಂದರು. ಯುಗಾದಿಯೂ ದಾಟಿತು. ದಿನವಿಡೀ ಫೋನಿನಲ್ಲಿ ಅದೇ ವಿಡಿಯೋ. ಬಟ್ಟೆ ಹೊದ್ದ ಕಾರೊಂದು ಎಲ್ಲೋ ದೂರದ ರಸ್ತೆಯಲ್ಲಿ ಓಡುತ್ತಿರುವುದು, ಅದರ ಹಿಂಬದಿಗೆ ಬಾಣದ ಗುರುತು ಹಾಕಿ ಯಾರೋ ಊಹೆ ಮಾಡುತ್ತಿರುವುದು. ನಾನು ಚಹಾ ತಂದಿಟ್ಟರೆ ಫೋನು ಬೋರಲು ಹಾಕುತ್ತಿದ್ದರು. ಒಮ್ಮೆ ಅವರು ಸ್ನಾನಕ್ಕೆ ಹೋದಾಗ ತೆಗೆದು ನೋಡಿದೆ. ಕಾರು ಬಿಟ್ಟರೆ ಬೇರೇನೂ ಇರಲಿಲ್ಲ. ಸಮಾಧಾನವಾಗಬೇಕಿತ್ತು, ಸಂಶಯವೇ ಹೆಚ್ಚಾಯಿತು. ಕಾರಿನ ವಿಡಿಯೋವನ್ನು ಹೆಂಡತಿಯಿಂದ ಮುಚ್ಚಿಡುವ ಗಂಡಸು ಎಲ್ಲಿದ್ದಾನೆ?

ತಮ್ಮ ಬೇರೆ ಕಿವಿ ಊದಿದ. "ಅಕ್ಕಾ, ಮಾವ ಬ್ಯಾರೆ ಏನೋ ವಿಚಾರ ಇಟ್ಕೊಂಡಾರ ನೋಡು. ಕಾರ ನೆಪಾ ಅಷ್ಟ." ನನಗೂ ಹಾಗೇ ಅನ್ನಿಸಿತು. ಗಂಡ ತಂಗಿಯ ಹೆಸರಿನಲ್ಲಿ ಜಾಗ ನೋಡುತ್ತಿದ್ದಾರೋ ಎಂದು ನಾದಿನಿಗೆ ಫೋನ್ ಮಾಡಿ ಅಡ್ಡಡ್ಡ ಮಾತಾಡಿ ನೋಡಿದೆ. ಅವಳಿಗೇನೂ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದವಳ ಹಾಗೆ ಮಾತಾಡಿದಳು. ಆಗ ಇನ್ನೊಂದು ನೆನಪಾಯಿತು. ಅವರು ಪ್ರಾಣದಂತೆ ನೋಡಿಕೊಂಡಿದ್ದ ಬೈಕನ್ನು ಹೋದ ವರ್ಷ ಮಾರಿ, ಊರೊಳಗಿನ ಓಡಾಟಕ್ಕಿದ್ದ ನನ್ನ ಸ್ಕೂಟಿ ಹಿಡಿದಿದ್ದರು. ಕೇಳಿದ್ದಕ್ಕೆ, "ಸಂತಿ ಚೀಲಾ ಇಡಾಕ ಛಲೋ ಆಗ್ತೈತಿ" ಎಂದಿದ್ದರು. ಸಂತೆಗೆ ಹೋಗುತ್ತಿದ್ದವಳು ನಾನು!

ಹೀಗೆ ಒಳಗೊಳಗೇ ಕುದಿಯುತ್ತಿದ್ದಾಗ ಕುಷ್ಟಗಿಯಲ್ಲಿ ನಮ್ಮ ಬಳಗದ ಒಂದು ಮದುವೆ ಬಂತು. ತಮ್ಮನ ಕಾರಿನಲ್ಲಿ ಮೂವರೂ ಹೋದೆವು. ಊಟ ತಡವಾಗುತ್ತದೆಂದು ಅಕ್ಕಿಕಾಳು ಹಾಕಿ ಹೊರಟುಬಿಟ್ಟು, ದಾರಿಯಲ್ಲಿ ಹೈವೇ ಪಕ್ಕದ ಹೋಟೆಲಿನ ಮುಂದೆ ಮಂಡಕ್ಕಿ ಒಗ್ಗರಣಿ, ಮಿರ್ಚಿಗೆಂದು ನಿಂತೆವು. ಬಿಸಿಲು ಧಗಧಗ ಅನ್ನುತ್ತಿತ್ತು. ಹೊಲಗಳಾಚೆ ಗಾಳಿಯಂತ್ರಗಳು ತಿರುಗದೆ ನಿಂತಿದ್ದವು.

ಹೋಟೆಲಿನ ಬದಿಗೆ ಒಂದು ಕಾರು. ಮೈತುಂಬ ಕಪ್ಪು ಬಿಳಿ ಸುರುಳಿಗಳ ಸ್ಟಿಕರು. ಕಣ್ಣಿಟ್ಟು ನೋಡಿದರೂ ಎಲ್ಲಿ ಬಾಗಿಲು, ಎಲ್ಲಿ ಬಾನೆಟ್ಟು ತಿಳಿಯದಂತೆ. ಹೆಸರಿಲ್ಲ, ಕಂಪನಿಯ ಗುರುತಿಲ್ಲ. ಹಿಂದಿ ಮಾತಾಡುವ ಇಬ್ಬರು ಅದಕ್ಕೆ ಬೆನ್ನು ಕೊಟ್ಟು ನಿಂತೇ ಚಹಾ ಕುಡಿಯುತ್ತಿದ್ದರು. ಫೋನು ಎತ್ತಿದವರಿಗೆಲ್ಲ ಕೈ ಅಡ್ಡ ಹಿಡಿಯುತ್ತಿದ್ದರು. ಸುತ್ತ ಸೇರಿದ್ದವರಿಗೆ ಅದು ಸರಿಬರಲಿಲ್ಲ.

"ಗಾಳಿ ಫ್ಯಾನಿನ ಕಂಪನಿಯವ್ರ ಇರಬೇಕು, ಹೊಲಾ ಅಳಿಯಾಕ ಬಂದಾರ" ಎಂದ ಒಬ್ಬ ಮುದುಕ. "ಖುಲ್ಲಾ ಮುಖಾ ಇಟ್ಕೊಂಡ ಬಂದ್ರ ಏನಾಗ್ತೈತಿ ಇವ್ರಿಗೆ?"

ನನ್ನ ತಮ್ಮ ಮಾತ್ರ ಕುಣಿದಾಡಿಬಿಟ್ಟ. "ಮಾವಾ! ನಿಮ್ಮ ಹೊಸಾ ಶೇಪ್ ಇದ ನೋಡ್ರಿ! ಟೆಸ್ಟಿಂಗಿಗೆ ತಂದಾರ!"

ಅವನು ಲೈಟು ನೋಡಲು ಮುಂದಕ್ಕೆ ಓಡಿದ. ನನ್ನ ಗಂಡ ಲೈಟು ನೋಡಲಿಲ್ಲ, ಜಾಳಗಿ ನೋಡಲಿಲ್ಲ. ನೇರ ಡ್ರೈವರ್ ಕಡೆಯ ಬಾಗಿಲಿಗೆ ಹೋಗಿ, ಗಾಜಿಗೆ ಎರಡೂ ಅಂಗೈ ಆನಿಸಿ, ಬಗ್ಗಿ ಕೆಳಗೆ ಇಣುಕಿದರು. ಆ ಇಬ್ಬರಲ್ಲಿ ಒಬ್ಬ ಗದರಿಸುತ್ತ ಬಂದ.

"ಕ್ಲಚ್ ಹೈ ಕ್ಯಾ ಇಸ್ಮೆ?" ಇದರಲ್ಲಿ ಕ್ಲಚ್ ಇದೆಯಾ ಎಂದು ಇವರು ಹಿಂದಿಯಲ್ಲೇ ಕೇಳಿದರು.

"ಹೈ, ಹೈ. ಹಟೋ!"

ಇದೆ ಎಂದು ಕೇಳಿದ್ದೇ ಅವರ ಮುಖ ಇಳಿದುಹೋಯಿತು. ತಟ್ಟೆ ಮುಂದೆ ಬಂದರೂ ಕೂರಲಿಲ್ಲ, ಸುಮ್ಮನೆ ಆಚೆಯ ಬೇವಿನ ಮರದ ಕಡೆ ನಡೆದರು. ಇಷ್ಟು ದಿನ ಲೈಟು, ಜಾಳಗಿ ಎಂದವರು ಇವತ್ತೇಕೆ ಕ್ಲಚ್ಚು ಕೇಳಿದರು ಎಂದು ನೋಡುತ್ತ ನಿಂತವಳಿಗೆ ನೆಲದ ಮೇಲೆ ಅವರ ಎಡಗಾಲಿನ ಚಪ್ಪಲಿ ಕಾಣಿಸಿತು. ಕಾಲಿನಿಂದ ಕಳಚಿ ಅಲ್ಲೇ ಬಿದ್ದಿತ್ತು. ಅವರು ಆ ಕಾದ ಜಲ್ಲಿ ಕಡಿಯ ಮೇಲೆ ಬರಿಗಾಲಿಟ್ಟು, ಏನೂ ಆಗದವರಂತೆ ಹೋಗುತ್ತಿದ್ದರು.

ಚಪ್ಪಲಿ ಹಿಡಿದು ಹಿಂದೆ ಓಡಿದೆ. "ಚಪ್ಪಲಿ ಬಿಟ್ಟ ಬಂದೀರಿ."

ಅವರು ತಮ್ಮ ಕಾಲನ್ನು ನೋಡಿಕೊಂಡರು, ಬೇರೆ ಯಾರದೋ ಕಾಲು ಎಂಬಂತೆ.

"ಯಾವಾಗಿಂದ್ರಿ ಇದು?"

ಅವರು ಮರಕ್ಕೆ ಹೇಳುವವರ ಹಾಗೆ ಅಂದರು, "ಭಾಳ ದಿನಾ ಆತು. ಮೊದ್ಲ ಜೋಮ ಹಿಡದಂಗ ಆಗ್ತಿತ್ತು. ಈಗ ಕಾಲ ಎಲ್ಲೈತಿ ಅನ್ನೂದ ತಿಳಿಯಾಂಗಿಲ್ಲ. ಬೈಕಿನ ಗೇರ್ ಹಾಕಾಕ ಬರವಲ್ದಾತು, ಅದಕ್ಕ ಮಾರಿದೆ."

"ಕ್ಲಚ್ ಇಲ್ಲದ ಕಾರ ಈಗೂ ಸಿಗ್ತಾವಲ್ರಿ?"

"ಸಿಗ್ತಾವ. ತಗೊಂಡ್ರ ನಿನ್ನ ತಮ್ಮ ಕೇಳಾಂಗಿಲ್ಲೇನು, ಟ್ರ್ಯಾಕ್ಟರ್ ಹೊಡದ ಮನಷ್ಯಾಗ ಇದ್ಯಾಕ ಬೇಕಾತಂತ? ಆಫೀಸಿನ್ಯಾಗ ಕೇಳಾಂಗಿಲ್ಲೇನು? ಹೊಸಾವು ಎಲ್ಲಾ ಕ್ಲಚ್ ಇಲ್ಲದ ಬರ್ತಾವ ಅಂತ ವಿಡಿಯೋದಾಗ ಹೇಳಿದ್ರು. ಹಂಗ ಬಂದಿದ್ರ ಯಾರೂ ಕೇಳ್ತಿರಲಿಲ್ಲ."

"ಮತ್ತ ಕಂಬಾ? ಕಂಬಾ ಹೆಂಗ ಏರ್ತೀರಿ?"

"ಬಲಗಾಲ ಮ್ಯಾಲ ಭಾರ ಹಾಕಿ ಏರ್ತೀನಿ."

ಸಿಟ್ಟು ಬಂತೋ ಅಳು ಬಂತೋ ಹೇಳಲಾರೆ. ಇಡೀ ವರ್ಷ ಜಾಗ, ತಂಗಿ ಎಂದು ಎಲ್ಲೆಲ್ಲೋ ಹುಡುಕಿದ್ದೆ. ಈ ಮನುಷ್ಯ ಅರಿವಿಲ್ಲದ ಕಾಲಿನಲ್ಲಿ ತಂತಿಯ ಮಟ್ಟಕ್ಕೆ ಏರಿ ಇಳಿಯುತ್ತಿದ್ದರು. ಮದುವೆಮನೆಯ ರೇಷ್ಮೆ ಸೀರೆಯಲ್ಲಿ ಅಲ್ಲೇ ನೆಲಕ್ಕೆ ಕೂತು ಅವರ ಅಂಗಾಲು ತಿರುವಿ ನೋಡಿದೆ. ಒಂದು ಹರಳು ಚುಚ್ಚಿಕೊಂಡು ರಕ್ತ ಬಂದಿತ್ತು.

ತಮ್ಮನಿಗೆ ಎಲ್ಲ ಹೇಳಿದೆ. ಅವನು ಒಂದು ಮಾತೂ ಕುಟುಕಲಿಲ್ಲ. "ನಡೀರಿ ಮಾವ" ಎಂದು ಕಾರು ಚಾಲೂ ಮಾಡಿದ. ಆ ಸಂಜೆಯೇ ಕೊಪ್ಪಳದಲ್ಲಿ ಡಾಕ್ಟರಿಗೆ ತೋರಿಸಿದೆವು. ಸೊಂಟದ ಬಳಿ ನರ ಒತ್ತಿಕೊಂಡಿದೆ, ಇನ್ನೂ ತಡ ಮಾಡಿದ್ದರೆ ಕಾಲು ಪೂರ್ತಿ ಸೋಲುತ್ತಿತ್ತು ಎಂದರು. ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಆಫೀಸಿನಲ್ಲಿ ಅವರಿಗೆ ಕಂಬದ ಕೆಲಸ ಬಿಡಿಸಿ ದೂರು ಕೇಳುವ ಫೋನಿನ ಮುಂದೆ ಕೂರಿಸಿದರು. ಜನ ಏನಂದಾರು ಎಂದು ಇಷ್ಟು ಹೆದರಿದ್ದರಲ್ಲ, ಕೇಳಿದವರೆಲ್ಲ ಎರಡು ದಿನ ಕೇಳಿ ಸುಮ್ಮನಾದರು.

ಹೊಸ ಶೇಪು ಕೊನೆಗೂ ಬಂತು. ಕ್ಲಚ್ಚು ಇದ್ದದ್ದೂ ಬಂತು, ಇಲ್ಲದ್ದೂ ಬಂತು. ನಾವು ಇಲ್ಲದ್ದನ್ನು ತಂದೆವು. ಓಡಿಸುವುದನ್ನು ನಾನೂ ಕಲಿತೆ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಯಲಬುರ್ಗಾ ರಸ್ತೆಯಲ್ಲಿ ನಾನು ಸ್ಟೇರಿಂಗ್ ಹಿಡಿಯುತ್ತೇನೆ, ಅವರು ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಾರೆ.

ಅವರ ಮಾತಿನ ಮೇಲೆ ನನಗೆ ನಂಬಿಕೆ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ. ಮೊನ್ನೆ ಹಾಗೇ ಬರುತ್ತಿದ್ದಾಗ ಸೊಂಟ ಹೇಗಿದೆ ಎಂದು ಕೇಳಿದೆ.

"ಛಲೋ ಐತಿ."

ಕಾರನ್ನು ರಸ್ತೆ ಬದಿಗೆ ತೆಗೆದು ನಿಲ್ಲಿಸಿದೆ. ಅವರ ಕಡೆ ತಿರುಗಿ ಇನ್ನೊಮ್ಮೆ ಕೇಳಿದೆ.

ಅವರು ಕಿಟಕಿಯಾಚೆ ನೋಡಿದರು, ಆಮೇಲೆ ನಕ್ಕುಬಿಟ್ಟರು. "ಸ್ವಲ್ಪ ನೋಯಾಕತ್ತೈತಿ."

"ಇಳೀರಿ" ಎಂದೆ. ಇಬ್ಬರೂ ಇಳಿದು, ಮೈ ಸಡಿಲಾಗುವ ತನಕ ಆ ಸಜ್ಜೆ ಹೊಲದ ಬದುವಿನುದ್ದಕ್ಕೂ ನಡೆದಾಡಿ ಬಂದೆವು.