ಶ್ರಾವಣಕ್ಕೆ ನಿಂತ ಗುಳಿಗೆ

ಹೂವಿನ ಹಿಪ್ಪರಗಿಯ ಆಶಾ ಕಾರ್ಯಕರ್ತೆ ವಿಜಯಶ್ರೀಗೆ ಕಾಶಿಬಾಯಿಯ ಮನೆ ಹನ್ನೊಂದು ವರ್ಷದಿಂದ ಗೊತ್ತು. ಗೊತ್ತೆಂದರೆ, ಹೊರಗಿನ ಕಟ್ಟೆ ಗೊತ್ತು. ವಿಜಯಶ್ರೀಯ ಕೇರಿಯವರು ಆ ಹೊಸ್ತಿಲು ದಾಟುವ ರೂಢಿಯಿಲ್ಲ. ದಾಟಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚಹಾ ಮಾತ್ರ ಕಾಗದದ ಕಪ್ಪಿನಲ್ಲಿ ಕಟ್ಟೆಗೇ ಬರುತ್ತದೆ. ಆ ಚಹಾ ಅವಳಿಗೆ ಒಂದು ದಿನವೂ ರುಚಿಸಿಲ್ಲ.

ಕಾಶಿಬಾಯಿಯ ಬಸುರಿ ಸೊಸೆ ರೇಣುಕಾಳಿಗೆ ಐದು ತಿಂಗಳಾದಾಗ, ಸ್ಕ್ಯಾನಿಂಗ್ ನೋಡಿದ ಡಾಕ್ಟರು ಗರ್ಭಕೊರಳು ಗಿಡ್ಡವಾಗಿದೆ, ಕೂಸು ದಿನ ತುಂಬುವ ಮೊದಲೇ ಬಂದುಬಿಡಬಹುದು ಎಂದರು. ದಿನಾ ಮಲಗುವಾಗ ಕೆಳಗಿನಿಂದ ಒಳಗೆ ಇಟ್ಟುಕೊಳ್ಳುವ ಗುಳಿಗೆ ಬರೆದುಕೊಟ್ಟರು. ಒಂದು ದಿನವೂ ತಪ್ಪಬಾರದು ಎಂದರು. ಹೋದ ವರ್ಷ ಆರನೇ ತಿಂಗಳಲ್ಲೇ ಅವಳದೊಂದು ಕೂಸು ಕೈಬಿಟ್ಟು ಹೋಗಿತ್ತು.

ವಿಜಯಶ್ರೀ ವಾರಕ್ಕೆರಡು ಸಲ ಕಟ್ಟೆಯಿಂದಲೇ ಕೂಗಿ ಕೇಳುತ್ತಿದ್ದಳು. "ರೇಣುಕಾ, ಗುಳಿಗಿ ತಪ್ಪಸಾಕತ್ತಿಲ್ಲ ಹೌದಿಲ್ಲೊ?" ಒಳಗಿನಿಂದ "ಹೂಂರಿ" ಬರುತ್ತಿತ್ತು. ಅತ್ತೆ ಮಾವ ಎದುರಿಗೇ ಕೂತಿರುವಾಗ ಆ ಹುಡುಗಿ ಇನ್ನೇನು ಹೇಳಿಯಾಳು? ಇವಳು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಮುಂದಿನ ಮನೆಗೆ ನಡೆಯುತ್ತಿದ್ದಳು.

ಏಳಕ್ಕೆ ಬಿದ್ದ ವಾರವೇ ನೋವು ಬಂತು. ವಿಜಯಪುರಕ್ಕೆ ಓಡುತ್ತಿದ್ದ ಅಂಬುಲೆನ್ಸಿನಲ್ಲಿ ಬಟ್ಟೆಯ ಗಂಟು ಬಿಚ್ಚಿದರೆ, ಒಡೆಯದ ಗುಳಿಗೆ ಡಬ್ಬಿಗಳು ಉದುರಿದವು.

"ಶ್ರಾವಣ ಅಲ್ರೀ ಅಕ್ಕಾರ," ರೇಣುಕಾ ಹಲ್ಲು ಕಚ್ಚಿಕೊಂಡೇ ಹೇಳಿದಳು. "ಅದನ್ನ ಇಟ್ಕೊಂಡ್ರ ಮುಟ್ಟಾದಂಗ, ಅಡಗಿಮನಿ ಮೈಲಿಗಿ ಆಗ್ತೈತಿ ಅಂದ್ರು ಅತ್ತಿ. ತಿಂಗಳ ಕಳದ ಮ್ಯಾಲ ಚಾಲೂ ಮಾಡು ಅಂದ್ರು."

ವಿಜಯಶ್ರೀ ಉದುರಿದ ಡಬ್ಬಿಗಳನ್ನು ಒಂದೊಂದಾಗಿ ಆರಿಸಿಕೊಂಡಳು. ಥೂ, ಇವರ ಮಡಿಗಿಷ್ಟು. ಹೊಟ್ಟೆಯಲ್ಲಿರುವ ಕೂಸು ಪಂಚಾಂಗ ನೋಡಿಕೊಂಡು ಕೂತಿರುತ್ತದೆಯೇ? ಆದರೆ ತನ್ನ ಪುಸ್ತಕದ ಗುರುತುಗಳು ನೆನಪಾದಾಗ ಅದಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಒಂದೇ ಒಂದು ದಿನ ಒಳಗೆ ನುಗ್ಗಿ, ಡಬ್ಬಿ ತೋರಿಸು ಎಂದಿದ್ದರೆ ಸಾಕಿತ್ತು. ಗುಳಿಗೆ ಇಟ್ಟರೂ ಎಲ್ಲರಿಗೂ ಬಸಿರು ನಿಲ್ಲುವುದಿಲ್ಲ, ನಿಜ. ಇಲ್ಲಿ ಇಟ್ಟು ನೋಡಿದ್ದೇ ಇಲ್ಲ.

ವಿಜಯಪುರದ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸು ಒಂದು ಕಿಲೋ ತೂಗಿತು. ಗಾಜಿನ ಪೆಟ್ಟಿಗೆಯಲ್ಲಿ ಏಳು ದಿನ ಗುದ್ದಾಡಿ ಉಳಿಯಿತು. ಎಂಟನೇ ದಿನ ನರ್ಸು ಹೊರಗೆ ಬಂದು, ಯಾರಾದರೂ ಎದೆಗವಚಿಕೊಂಡು ಕೂರಬೇಕು, ಮೈಕಾವಿದ್ದರೆ ಬದುಕುತ್ತದೆ ಎಂದಳು. ರೇಣುಕಾ ಜ್ವರದಲ್ಲಿದ್ದಳು. ಎಲ್ಲರೂ ಅಜ್ಜಿಯ ಮುಖ ನೋಡಿದರು.

"ಪುರುಡಿನ ಮೈಲಿಗಿ ಇನ್ನ ಕಳದಿಲ್ಲ, ನಂದು ಸೋಮವಾರದ ಒಪ್ಪತ್ತು ಬ್ಯಾರೆ," ಎಂದಳು ಕಾಶಿಬಾಯಿ, ಸೆರಗು ಒತ್ತಟ್ಟಿಗೆ ಎಳೆದುಕೊಂಡು. "ವಿಜಯಶ್ರೀ, ನೀನs ತಗೋಳವ್ವಾ. ನಿನಗೇನು ಮೈಲಿಗಿ."

ಹನ್ನೊಂದು ವರ್ಷದಲ್ಲಿ ಅವ್ವಾ ಎಂದದ್ದು ಅದೇ ಮೊದಲು. ವಿಜಯಶ್ರೀಗೆ ಉಗಿಯಬೇಕೆನ್ನಿಸಿತು. ಕೂಸಿನ ತಪ್ಪೇನಿತ್ತು? ಒಳಗೆ ಹೋಗಿ, ಕೈಕಾಲು ತೊಳೆದು, ಕುಬುಸದ ಗುಂಡಿ ಬಿಚ್ಚಿ ಕೂತಳು. ಅಂಗೈಯಷ್ಟು ಜೀವ ಎದೆಗೆ ಅಂಟಿಕೊಂಡಿತು.

ಬಾಗಿಲಾಚೆಯಿಂದ ಕಾಶಿಬಾಯಿ ಕೂಗಿದಳು. "ಉಸರಾಡಾಕತ್ತೈತಿ ಹೌದಿಲ್ಲೊ?"

ಹೂಂರಿ ಎಂಬ ಮಾತು ವಿಜಯಶ್ರೀಯ ನಾಲಿಗೆಯ ತನಕ ಬಂದಿತ್ತು. ನುಂಗಿಕೊಂಡಳು.

"ಹೊರಗ ನಿಂತು ಕೇಳಿದ್ರ ಏನೂ ಖರೆ ತಿಳಿಯಂಗಿಲ್ರಿ," ಎಂದಳು. "ಒಳಗ ಬಂದು ನೋಡ್ರಿ."